ನಾಲಿಗೆಯಡಿಯ ಹೂವು

"ಬಾಯಿ ತೆಗಿಯೇ, ಮುಂಡೆ! ಇನ್ನೂ ಅಗಲ. ನಾಲಿಗೆ ಎತ್ತು."

ಮೇಸ್ತ್ರಿಯ ಹೆಬ್ಬೆರಳು ನನ್ನ ದವಡೆಯೊಳಗೆ ಹೊಕ್ಕಿತು. ಬೆಟ್ಟದಿಂದ ಇಳಿಯುವ ದಾರಿ ಒಂದೇ, ಆ ದಾರಿಗೆ ಗೇಟೂ ಒಂದೇ. ಹೂವು ಕೊಯ್ಯುವ ಹೆಂಗಸರೆಲ್ಲ ಸಂಜೆ ಅಲ್ಲಿ ಸಾಲಾಗಿ ನಿಂತು ಬುಟ್ಟಿ, ಮಡಿಲು, ತುರುಬು, ಕೊನೆಗೆ ಬಾಯಿ ತೋರಿಸಬೇಕು. ಸಂತೆಯಲ್ಲಿ ಎತ್ತಿಗೂ ಹಲ್ಲು ನೋಡುತ್ತಾರೆ. ಆದರೆ ಎತ್ತನ್ನು ಮುಂಡೆ ಎನ್ನುವುದಿಲ್ಲ.

ಅಂದು ನನ್ನ ನಾಲಿಗೆಯಡಿ ಒಂದು ಹೂವಿತ್ತು.

ಹಸಿ ಹೂವು ಬಾಯಿ ಸುಡುತ್ತದೆ. ನೆರಳಲ್ಲಿ ಒಣಗಿಸಿ, ಬಿಸಿನೀರಿಗೆ ಹಾಕಿ ಕುಡಿಸಿದರೆ ಕಟ್ಟಿದ ಉಸಿರು ಬಿಡುತ್ತದೆ. ನನ್ನಮ್ಮ ನನಗೆ ಕುಡಿಸಿದ್ದಳು, ಅವಳಮ್ಮ ಅವಳಿಗೆ. ಆಗ ಬೆಟ್ಟಕ್ಕೆ ದಣಿ ಇರಲಿಲ್ಲ. ಈಗ ಗುಡಿಸಲಲ್ಲಿ ನನ್ನ ಮಗಳು ಗುಬ್ಬಿ ಗೋಡೆಗೆ ಒರಗಿ ಕೂತು, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದುವ ಹಾಗೆ ಎಳೆಯುತ್ತಿದ್ದಳು. ಮಲಗಲೂ ಹೆದರುತ್ತಿದ್ದಳು.

"ಉಗುಳು."

ಉಗುಳಿದೆ.

"ಅಣ್ಣಾ, ಮಗೂಗೆ ಉಸಿರು ಕಟ್ಟಿದೆ. ಒಂದೇ ಒಂದು ಹೂವು ಕಣಣ್ಣಾ. ನಿನ್ ಕಾಲಿಗೆ ಬೀಳ್ತೀನಿ."

"ನಿನ್ ಮಗೂಗೆ ಬಂದಿರೋದು ರೋಗ ಅಲ್ಲ ಕಣೇ, ಕಳ್ಳತನ. ಅಮ್ಮಂದೇ ಬಂದಿದೆ." ಹೂವನ್ನು ಮೆಟ್ಟಿನಡಿ ಹೊಸಕಿದ.

ದಣಿ ಗೇಟಿನೆದುರಿನ ತಮ್ಮ ಮನೆಯ ವರಾಂಡದಲ್ಲೇ ಕೂತಿದ್ದರು. ಓಡಿಹೋಗಿ ಕಾಲು ಹಿಡಿದೆ.

"ನೋಡಮ್ಮಾ, ನಿಂಗೊಂದು ಕೊಟ್ರೆ ನಾಳೆ ಎಲ್ಲರ ಮನೇಲೂ ಕೆಮ್ಮು ಶುರುವಾಗುತ್ತೆ," ಎಂದು ನಕ್ಕರು. ಮೆಲುಮಾತಿನ ಮನುಷ್ಯ. ಬೈಯಲಿಕ್ಕೆ ಮೇಸ್ತ್ರಿ ಇದ್ದಾನಲ್ಲ!

ಅವರ ಹಿಂದೆ ಗಾಜಿನ ಮನೆ ಖಾಲಿ ಬಿದ್ದಿತ್ತು. ಹೂವನ್ನು ಅಂಗಳದಲ್ಲೇ ಬೆಳೆಸಿ ನಮ್ಮನ್ನು ಅಟ್ಟಿಬಿಡುವ ಆಸೆಯಿತ್ತು ಅವರಿಗೆ. ಒಳ್ಳೆ ಮಣ್ಣು, ಗೊಬ್ಬರ, ಹೊತ್ತುಹೊತ್ತಿಗೆ ನೀರು. ಗಿಡಗಳೆಲ್ಲ ಬೇರು ಕೊಳೆತು ಸತ್ತವು. ಬಿಸಿಲು ತಡವಾಗಿ ಬೀಳುವ ಬಂಡೆಯ ಬಿರುಕಿನಲ್ಲಿ, ಬರೀ ಜಲ್ಲಿಯೊಳಗೆ, ಮಂಜು ನೆಕ್ಕಿ ಬದುಕುವ ಗಿಡ ಅದು. ಚಳಿ ಕಡಿಯಬೇಕು, ಗಾಳಿ ಹೊಡೆಯಬೇಕು. ಆಗಲೇ ಹೂವಿಗೆ ಮದ್ದಿನ ಕಹಿ ಬರುವುದು. "ದಣಿ ಕೈಯಲ್ಲಿ ತಿಂದು ಉಳಿದೋರು ಯಾರಿದ್ದಾರೆ ಬಿಡೇ," ಅಂದಿದ್ದಳು ನಮ್ಮ ಜೊತೆ ಹೂವು ಕೊಯ್ಯುವ ದೊಡ್ಡಮ್ಮ. ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಗುಬ್ಬಿಯೂ ನಕ್ಕಿದ್ದಳು, ನಗುನಗುತ್ತಲೇ ಕೆಮ್ಮಿದ್ದಳು.

ಬರಿಗೈಯಲ್ಲಿ ಗುಡಿಸಲು ಸೇರಿದೆ.

"ಅಮ್ಮಾ, ತಂದ್ಯಾ?"

"ನಾಳೆ ತರ್ತೀನಿ ಕಂದಾ."

"ನಿನ್ ತುಟಿ ಯಾಕೆ ಊದಿದೆ?"

"ಮುಳ್ಳು ತಾಗ್ತು, ಅಷ್ಟೇ."

ನಾಳೆ ಬಂತು. ಅವಳಿರಲಿಲ್ಲ. ದಿನವಿಡೀ ಆ ಹೂವಿನಲ್ಲೇ ಕೈಯಾಡಿಸುವ ತಾಯಿ ನಾನು, ಒಂದು ಎಸಳನ್ನೂ ಅವಳ ಬಾಯಿಗೆ ಹಾಕಲಾಗಲಿಲ್ಲ.

ಮಣ್ಣು ಮಾಡುವ ಜಾಗಕ್ಕೂ ಆ ಗೇಟನ್ನು ಹಾದೇ ಹೋಗಬೇಕು. ಮಗುವನ್ನು ನಾನೇ ಎತ್ತಿಕೊಂಡಿದ್ದೆ. ಯಾರು ಕೇಳಿದರೂ ಕೊಡಲಿಲ್ಲ. ಹೆಂಗಸರು ಅಂದು ಬೆಟ್ಟ ಹತ್ತದೆ, ಖಾಲಿ ಬುಟ್ಟಿ ಹಿಡಿದೇ ನನ್ನ ಹಿಂದೆ ಬಂದರು. ಗೇಟಿನ ಪಕ್ಕದ ಚಪ್ಪರದಲ್ಲಿ ಹೂವು ಒಣಗಲು ಹರವಿತ್ತು. ಹೋಗಿ ಹಿಡಿ ತುಂಬ ಬಾಚಿಕೊಂಡೆ. ಗುಬ್ಬಿಯ ಬಾಯಿ ಕೊನೆಯ ಉಸಿರಿಗೆ ತೆರೆದದ್ದು ಹಾಗೇ ಇತ್ತು. ಅದರೊಳಗೆ ತುಂಬಿ, ಗಲ್ಲ ಒತ್ತಿ ಮುಚ್ಚಿದೆ.

"ಏಯ್ ಹಾಳು ಮುಂಡೆ! ದಣಿ ಮಾಲು ಕಣೇ ಅದು!" ಮೇಸ್ತ್ರಿ ಕೈಯೆತ್ತಿಕೊಂಡು ಓಡಿಬಂದ.

ನಾನು ಮಗಳನ್ನು ಅವನ ಮುಂದೆ ಹಿಡಿದೆ.

"ಹೌದಪ್ಪಾ, ಇವಳೇ ಕದ್ದಿದ್ದು. ಹೇಳು ಇವಳಿಗೆ, ಬಾಯಿ ತೆಗಿ ಅಂತ."

ಎತ್ತಿದ ಕೈ ಅಲ್ಲೇ ನಿಂತಿತು. ವರಾಂಡದಿಂದ ದಣಿಯ ಮೆಲುದನಿ ಬಂತು: "ಏನೋ ಅದು? ಎಷ್ಟು ಹೋಯ್ತು?"

ದೊಡ್ಡಮ್ಮ ತನ್ನ ಬುಟ್ಟಿಯನ್ನು ಗೇಟಿಗೆ ಅಡ್ಡವಾಗಿ ಬೋರಲು ಹಾಕಿ ಅದರ ಮೇಲೆ ಕೂತಳು. ಪಕ್ಕದಲ್ಲಿ ಇನ್ನೊಬ್ಬಳು ಕೂತಳು. ಆಮೇಲೆ ಎಲ್ಲರೂ.

"ಹೇಳೋ," ಅಂದಳು ದೊಡ್ಡಮ್ಮ ಮೇಸ್ತ್ರಿಗೆ. "ದಿನಾ ಹೇಳ್ತೀಯಲ್ಲ. ಇವತ್ತೂ ಹೇಳು."