ಅತ್ತೆಯನ್ನು ನುಂಗಿದ ಸೋಫಾ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಮಕ್ಕಳ ತಾಯಿ. ಆಮೇಲೆ, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತ, ನಾಲ್ವರು ಮಕ್ಕಳು. ಕಡೆಗೆ, ಬಹಳ ಬೇಡಿಕೊಂಡ ಮೇಲೆ, ಆ ಮಕ್ಕಳ ಸೋದರತ್ತೆ. ಅತ್ತೆಯವರು ಹೇಳಿದ ರೂಪದಲ್ಲಿ ಸೋಫಾ ಇಲ್ಲವೇ ಇಲ್ಲ. ಉಳಿದವರೆಲ್ಲರ ಕಥೆಯಲ್ಲೂ ಸೋಫಾ ಇದೆ, ಅದರ ಬಣ್ಣ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಬಹುಮತಕ್ಕೆ ಮಣಿದು ಸೋಫಾವನ್ನು ಉಳಿಸಿಕೊಂಡಿದ್ದೇನೆ, ಬಣ್ಣವನ್ನು ಕೈಬಿಟ್ಟಿದ್ದೇನೆ.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಹಳೆಯ ಸೋಫಾಗಳ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ಫೋಮು ಹಾಸಿ, ಹೊಸ ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು ತಂದೆಯ ಕೆಲಸ. ಗವುಸು ಹೊಲಿಯುವುದು ತಾಯಿಯ ಕೆಲಸ. ಬೀದಿಯ ಅರ್ಧದಷ್ಟು ಸೋಫಾಗಳು ಆ ಕೋಣೆಯಲ್ಲೇ ಇರುತ್ತಿದ್ದವು, ಕೂರಲು ಬರುವಂಥದು ಒಂದೂ ಇರುತ್ತಿರಲಿಲ್ಲ. ಬಂದವರು ನಿಂತೇ ಮಾತಾಡಿ ಹೊರಡುತ್ತಿದ್ದರು.

ಹಿರಿಯ ಮಗಳಿಗೆ ಹತ್ತು ವರ್ಷ. ತಿರುಗಿ ವಾದಿಸದೆ ನೀರು ಕೂಡ ಕುಡಿಯದವಳಾದ್ದರಿಂದ ವಕೀಲೆ ಎಂದೇ ಕರೆಯುತ್ತಿದ್ದರು. ಅವಳ ಕೆಳಗಿನವನು ಎಂಟರ ಆಮೆ. ಅವನು ಒಂದು ಕಾಲಿಗೆ ಚಪ್ಪಲಿ ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಕಾಲಿನದು ಹಳೆಯದಾಗುತ್ತಿತ್ತು. ಮೂರನೆಯವನು ಐದರ ಗುಡುಗು, ಗುಟ್ಟನ್ನೂ ಕೂಗಿಯೇ ಹೇಳುವವನು. ಕಡೆಯವಳು ಮೂರು ತುಂಬಿದ ಮೊಳೆ. ಕಾರ್ಖಾನೆಯ ಮೊಳೆಯಂತೆಯೇ ಅವಳೂ ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಲಿಗೆ ಮಾತ್ರ ತಪ್ಪದೆ ಸಿಗುತ್ತಿದ್ದಳು.

ದೊಡ್ಡ ಮೂವರನ್ನು ತಾಯಿ ಶಾಲೆ ಬಿಡಿಸಿದರು. ಕಾರಣ ಕೇಳಿದರೆ, ಅಲ್ಲಿ ಪ್ರಶ್ನೆ ಕೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ತಮ್ಮ ಮಕ್ಕಳು ಕೂತದ್ದೇ ಕಡಿಮೆ ಎಂದು ತಾಯಿ ಹೇಳುತ್ತಾರೆ. “ನಮ್ಮನ್ನ ಯಾರೂ ಬಿಡಿಸ್ಲಿಲ್ಲ, ನಾವೇ ಶಾಲೆನ ಬಿಡಿಸಿದ್ವಿ” ಎಂಬುದು ವಕೀಲೆಯ ತಿದ್ದುಪಡಿ. ಏನೇ ಇರಲಿ, ಸುದ್ದಿ ತಂದೆಯ ಅಕ್ಕನ ಕಿವಿಗೆ ಬಿತ್ತು. ಅವರು ಇನ್ನೊಂದು ಊರಿನಲ್ಲಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಗಾತ್ರದಲ್ಲೂ ಗೌರವದಲ್ಲೂ ದೊಡ್ಡವರು. ಕೂಡಲೇ ಫೋನು ಬಂತು.

“ಮನೇಲೇ ಕಲಿಸ್ತೀಯಂತೆ? ಗವುಸು ಹೊಲಿಯೋದೂ ಮಕ್ಕಳಿಗೆ ಪಾಠ ಹೇಳೋದೂ ಒಂದೇ ಅಂದ್ಕೊಂಡ್ಯೇನಮ್ಮ?”

“ಎರಡಕ್ಕೂ ಅಳತೆ ನೋಡ್ಬೇಕು ಅತ್ತಿಗೆ.”

“ಬಾಯಿಗೇನೂ ಬರ ಇಲ್ಲ. ಸೋಮವಾರ ಶುರು ಮಾಡು, ಶನಿವಾರ ಬಂದು ಪರೀಕ್ಷೆ ಮಾಡ್ತೀನಿ. ನಾಲ್ವರಲ್ಲಿ ಒಬ್ಬರು ಬಾಯಿ ಬಿಡದೆ ನಿಂತರೂ ಸರಿ, ದೊಡ್ಡವರಿಬ್ಬರನ್ನೂ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ನನ್ನ ಮನೇಲಿರಲಿ, ನನ್ನ ಶಾಲೇಲಿ ಓದಲಿ. ಏನೋ, ಕೇಳಿಸ್ಕೊಳ್ತಿದ್ದೀಯಾ ನೀನು?”

ಕಡೆಯ ಮಾತು, ಸ್ಪೀಕರಿನಲ್ಲಿ ಕೇಳುತ್ತಿದ್ದ ತಮ್ಮನಿಗೆ. ತಂದೆ ತುಟಿಯ ನಡುವೆ ಸಣ್ಣ ಮೊಳೆಗಳನ್ನು ಹಿಡಿದು ಕೆಲಸ ಮಾಡುವವರು. ಅವರಿಂದ ಹೊರಟದ್ದು “ಹ್ಞೂಂ” ಎಂಬ ಒಂದು ಸದ್ದು. ಅಕ್ಕ ಅದನ್ನು ಒಪ್ಪಿಗೆಯೆಂದು ತಿಳಿದರು. ಹೆಂಡತಿ ಅದನ್ನು ಇಂದಿಗೂ ಕ್ಷಮಿಸಿಲ್ಲ. ಇಬ್ಬರು ಮಕ್ಕಳು ಊಟಕ್ಕೆ ಕಡಿಮೆಯಾಗುವ ಮನೆಯನ್ನು ಆ ರಾತ್ರಿಯೆಲ್ಲ ಕಣ್ಣೆದುರು ಕಂಡೆ ಎಂದು ಅವರು ನನಗೆ ಹೇಳುವಾಗ ಧ್ವನಿ ತುಸು ಇಳಿದಿತ್ತು. ಈ ಕಥೆಯಲ್ಲಿ ಯಾರದ್ದಾದರೂ ಧ್ವನಿ ಇಳಿದದ್ದು ಅದೊಂದೇ ಕಡೆ.

ಸೋಮವಾರ ಹಾಳಾಯಿತು. ವಕೀಲೆಗೆ ಹೇಳಿದ್ದು ಮೊಳೆಗೆ ಅರ್ಥವಾಗಲಿಲ್ಲ. ಮೊಳೆಗೆ ಹೇಳಿದ್ದು ಕೇಳಿ ವಕೀಲೆ ಆಕಳಿಸಿದಳು. ಗುಡುಗು ಎಲ್ಲದಕ್ಕೂ ಉತ್ತರ ಕೂಗಿದ, ಪ್ರಶ್ನೆಗೆ ಮುಂಚೆಯೇ. ಆಮೆ ಮಾತ್ರ ಬೆಳಗ್ಗೆ ಬಾಯಿಗಿಟ್ಟ ಬ್ರೆಡ್ಡನ್ನು ಮಧ್ಯಾಹ್ನದ ಹೊತ್ತಿಗೆ ನುಂಗಿ, “ಅಮ್ಮ, ಇದು ಈಗ ಎಲ್ಲಿಗೆ ಹೋಯ್ತು?” ಎಂದ. ತಾಯಿಗೆ ದಾರಿ ಹೊಳೆದದ್ದು ಆಗ. ಪಾಠ ಒಂದೇ: ಬ್ರೆಡ್ಡು ಎಲ್ಲಿಗೆ ಹೋಗುತ್ತದೆ. ನಿಯಮವೂ ಒಂದೇ: ತಾಯಿ ವಕೀಲೆಗೆ ಹೇಳಬೇಕು, ವಕೀಲೆ ಆಮೆಗೆ, ಆಮೆ ಗುಡುಗಿಗೆ, ಗುಡುಗು ಮೊಳೆಗೆ. ಕೆಳಗಿನವರಿಗೆ ಹೇಳಿಕೊಡದವರಿಗೆ ಆಟವಿಲ್ಲ.

ತಾಯಿ ಹೇಳಿದ್ದು ಪುಸ್ತಕದಲ್ಲಿದ್ದ ಹಾಗೆಯೇ ಇತ್ತು: ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಹೊರಗೆ. ವಕೀಲೆ ಅದಕ್ಕೆ ಕಾನೂನು ಸೇರಿಸಿದಳು. ಬ್ರೆಡ್ಡಿಗೆ ಮುಂಬಾಗಿಲಿಂದ ಒಳಗೆ ಹೋಗುವ ಹಕ್ಕಿದೆ, ಅದೇ ಬಾಗಿಲಿಂದ ಮರಳುವ ಹಕ್ಕಿಲ್ಲ. ಮರಳಿದರೆ ಅದು ವಾಂತಿ, ಮತ್ತು ಅಪರಾಧ. ಅವಸರ ಆಮೆಗೆ ಆಗದು, ಅವನು ಹಾದಿಯುದ್ದಕ್ಕೂ ತಂಗುದಾಣಗಳನ್ನು ಕಟ್ಟಿಸಿದ. ಬ್ರೆಡ್ಡು ಜಠರದಲ್ಲಿ ಬಟ್ಟೆ ಬಿಚ್ಚಿ, ಕಾಲು ಚಾಚಿ, ಮೆತ್ತಗಾಗುವವರೆಗೆ ಮಲಗುತ್ತಿತ್ತು. ಗುಡುಗಿನ ಬಾಯಿಗೆ ಬಿದ್ದ ಮೇಲೆ ಬ್ರೆಡ್ಡು ರಾಜನಾಯಿತು, ಹಲ್ಲುಗಳು ಸೈನ್ಯವಾದವು, ಜಠರದ ಆಮ್ಲ ಕುದಿಯುವ ಕೆರೆಯಾಯಿತು. ಮೊಳೆ ಎಲ್ಲವನ್ನೂ ಕೇಳಿ, ಬ್ರೆಡ್ಡಿನ ಕಂದು ಅಂಚನ್ನು ಮುಟ್ಟಿ ನೋಡಿ, “ಇದು ಅವನ ಕಿರೀಟ” ಎಂದಳು. ಬಾಯಿಂದ ಬಾಯಿಗೆ ಹೋದ ಕಥೆ ಬೆಳೆಯುವುದನ್ನು ನಾನು ನೂರು ಕಡೆ ಕಂಡಿದ್ದೇನೆ. ಒಂದೇ ಮನೆಯಲ್ಲಿ, ಒಂದೇ ಮಧ್ಯಾಹ್ನದಲ್ಲಿ ಬೆಳೆದದ್ದನ್ನು ಕಂಡದ್ದು ಇಲ್ಲೇ.

ಆದರೆ ಮೊಳೆಯ ಕೆಳಗೆ ಯಾರೂ ಇರಲಿಲ್ಲ. ಬೆಕ್ಕನ್ನು ಹಿಡಿದು ಕೂರಿಸಿದಳು. ಅದು ರಾಜ ಗಂಟಲು ದಾಟುವ ಮೊದಲೇ ಕಿಟಕಿ ದಾಟಿತು. ಪಾರ್ಸೆಲ್ ತಂದವನ ಪ್ಯಾಂಟು ಹಿಡಿದಳು. ಅವನು ಸಹಿ ಕೂಡ ಕೇಳದೆ ಓಡಿದ. ತಂದೆಗೆ ಹೇಳಿಕೊಟ್ಟಳು. ತಂದೆ ಓಡಲಿಲ್ಲ, ನಿದ್ದೆ ಹೋದರು.

“ನನ್ನ ಕೆಳಗೆ ಒಬ್ಬರನ್ನ ತಂದ್ಕೊಡು” ಎಂದು ಅವಳು ತಾಯಿಯ ಹಿಂದೆ ಬಿದ್ದಳು.

“ಸಾಕಮ್ಮ ತಾಯಿ, ನಾಲ್ಕಕ್ಕೇ ನಾನು ಅರೆದುಹೋಗಿದ್ದೀನಿ.”

ವಾರದ ನಡುವೆ ಒಂದು ದಿನ ತಂದೆ ರೆಕ್ಸಿನ್ ತರಲು ಪೇಟೆಗೆ ಹೋದರು. ಸಣ್ಣ ಕರುಳು ಎಷ್ಟು ಉದ್ದವೆಂದು ಆಮೆಗೆ ಕಣ್ಣಾರೆ ನೋಡಬೇಕಾಗಿತ್ತು. ಮೂಲೆಯಲ್ಲಿ, ಬಟ್ಟೆ ಕಿತ್ತ ಒಂದು ದೊಡ್ಡ ಸೋಫಾ ಬಾಯ್ತೆರೆದು ನಿಂತಿತ್ತು. ದೊಡ್ಡ ಮೂವರೂ ಸೇರಿ ಅದರ ಸ್ಪ್ರಿಂಗುಗಳನ್ನು ಬಿಚ್ಚಿ, ಒಂದಕ್ಕೊಂದು ಕಟ್ಟಿ, ಹೊಲಿಗೆ ಯಂತ್ರವನ್ನು ಸುತ್ತಿಸಿ, ಕಪಾಟಿನ ಹಿಂದೆ ಹಾಯಿಸಿ ಹೊಸ್ತಿಲವರೆಗೆ ಎಳೆದರು. ತಂದೆ ಮರಳಿದವರು ಅದಕ್ಕೇ ಎಡವಿ ಒಳಗೆ ಬಂದರು.

“ಯಾರ್ರೋ ಇದರ ಕರುಳು ಕಿತ್ತವರು!”

“ಸರಿಯಾಗಿ ಹೇಳಿದ್ರಿ ಅಪ್ಪ” ಎಂದ ಆಮೆ, “ಅದು ಕರುಳೇ.”

ಎಳೆದ ರಭಸಕ್ಕೆ ಸ್ಪ್ರಿಂಗುಗಳು ಸೊಟ್ಟಗಾಗಿದ್ದವು, ಹೊಸವು ಬರಲು ಮುಂದಿನ ವಾರವೇ ಆಗಬೇಕಾಗಿತ್ತು. ಸೋಫಾದಲ್ಲಿ ಉಳಿದದ್ದು ಮರದ ಚೌಕಟ್ಟು, ಸಡಿಲವಾದ ಕೆಲವು ಪಟ್ಟಿಗಳು, ಅಡಿಗೆ ಹೊಡೆದ ತೆಳು ಬಟ್ಟೆ. ಮಾರನೆಯ ದಿನ ಗುಡುಗು ಅದರೊಳಗೆ ಹಾರಿ, ಕಂಕುಳವರೆಗೆ ಹೂತುಹೋಗಿ, ಎಳೆದರೂ ಬರದೆ ಇಡೀ ಬೀದಿಯನ್ನು ಬಾಗಿಲಿಗೆ ಕರೆಸಿದ. ಮೊಳೆ ಅದನ್ನು ಬೆರಳು ಚೀಪುತ್ತ ನೋಡಿದಳು.

ಶನಿವಾರ ಬಂತು. ಅತ್ತಿಗೆಗೆ ಅಸ್ತವ್ಯಸ್ತ ಕಂಡರೆ ಆಗದೆಂದು ತಾಯಿ ಆ ಸೋಫಾದ ಮೇಲೆ ಒಂದು ಒಳ್ಳೆಯ ಹೊದಿಕೆ ಎಳೆದು ಮುಚ್ಚಿ, ಅಡುಗೆಮನೆಗೆ ಓಡುತ್ತ ವಕೀಲೆಗೆ ಹೇಳಿದರು: “ಅತ್ತೆ ಬಂದ ತಕ್ಷಣ ಹೇಳು, ಆ ಸೋಫಾ ಮೇಲೆ ಕೂರ್ಬೇಡಿ ಅಂತ.”

ವಾರವಿಡೀ ಒಂದೇ ಗಾಲಿಯ ಮೇಲೆ ಉರುಳಿದ ಮನೆ. ಹೇಳಿದ್ದನ್ನು ಕೆಳಗಿನವರಿಗೆ ದಾಟಿಸಿದರೆ ತನ್ನ ಕೆಲಸ ಮುಗಿಯಿತು ಎಂಬುದು ಎಲ್ಲರ ಮೈಗೆ ಹತ್ತಿಬಿಟ್ಟಿತ್ತು. ವಕೀಲೆ ಆಮೆಗೆ ಹೇಳಿದಳು: “ಸ್ಪ್ರಿಂಗಿಲ್ಲದ ಸೋಫಾ. ಅತ್ತೆ ಕೂತ್ರೆ ಜವಾಬ್ದಾರಿ ನಮ್ಮದಲ್ಲ.” ಆಮೆ ಗುಡುಗಿಗೆ ಹೇಳಿದ: “ಅದರಲ್ಲಿ ಕೂತವರು ಮೆಲ್ಲಮೆಲ್ಲಗೆ ಒಳಗೆ ಹೋಗ್ತಾರೆ.” ಗುಡುಗು ಮೊಳೆಯ ಕಿವಿಯಲ್ಲಿ ಕೂಗಿದ: “ಒಂದ್ಸಲ ಕೂತ್ರೆ ಆಯ್ತು, ಮತ್ತೆ ಎದ್ದು ಹೋಗೋಕೇ ಆಗಲ್ಲ!”

ಎದ್ದು ಹೋಗೋಕೇ ಆಗಲ್ಲ. ಬೆಕ್ಕು ಎದ್ದು ಹೋಗಿತ್ತು. ಪಾರ್ಸೆಲ್ಲಿನವನು ಎದ್ದು ಹೋಗಿದ್ದ. ಮೊಳೆ ಬಾಗಿಲಿಗೆ ನಡೆದಳು. ಅತ್ತೆ ಕೈಚೀಲದೊಂದಿಗೆ ಒಳಗೆ ಬರುತ್ತಿದ್ದರು. ಅವರ ಕಿರುಬೆರಳನ್ನು ಹಿಡಿದು, “ಬಾ ಅತ್ತೆ, ಇಲ್ಲಿ ಕೂತ್ಕೋ, ಮೆತ್ತಗಿದೆ” ಎಂದಳು.

ಅತ್ತೆ ಕೂತರು. ಆಮೇಲೂ ಕೂರುತ್ತಲೇ ಹೋದರು. ಹೊದಿಕೆ ಹೋಯಿತು, ಸೊಂಟ ಹೋಯಿತು, ಮಂಡಿಗಳು ಗದ್ದಕ್ಕೆ ಬಂದು ನಿಂತವು, ಚಪ್ಪಲಿಗಳು ಗಾಳಿಯಲ್ಲಿ ಒಂದನ್ನೊಂದು ನೋಡಿದವು. ತಾಯಿ ನೀರಿನ ಲೋಟದೊಂದಿಗೆ ಬಂದವರು ಬಾಗಿಲಲ್ಲೇ ಕಲ್ಲಾದರು.

“ಏನಮ್ಮ ಇದು!” ಎಂದರು ಅತ್ತೆ, ಸೋಫಾದ ಒಳಗಿಂದ.

ತಂದೆ ಓಡಿಬಂದು ಕೈ ಹಿಡಿದು ಜಗ್ಗಿದರು. ಪಟ್ಟಿಗಳು ಸೊಂಟಕ್ಕೆ ಇನ್ನಷ್ಟು ಬಿಗಿದವು. “ಅಕ್ಕ, ಮೇಲಿಂದ ಆಗಲ್ಲ. ಅಡಿಯ ಬಟ್ಟೆ ಬಿಚ್ಚಿ, ಪಟ್ಟಿ ಕುಯ್ದು, ಹಿಂದಿನಿಂದ ತೆಗೀಬೇಕು. ಸ್ವಲ್ಪ ಹೊತ್ತಾಗುತ್ತೆ.”

“ಮೇಲಿಂದ ಬಂದ್ರೆ ವಾಂತಿ” ಎಂದು ವಕೀಲೆ ಕಾನೂನು ತಿಳಿಸಿದಳು.

“ಯಾರು ವಾಂತಿ?”

ಆ ಹೆಂಗಸಿನ ಘನತೆಯನ್ನು ಮೆಚ್ಚಲೇಬೇಕು. ತಂದೆ ಕತ್ತರಿ ಹಿಡಿದು ಸೋಫಾದ ಹಿಂದೆ ಮಲಗಿದಾಗ ಅತ್ತೆ ಚೀಲದಿಂದ ಕೆಂಪು ಪೆನ್ನು ತೆಗೆದು, “ಹೇಗೂ ಕೂತಿದ್ದೀನಿ. ಪರೀಕ್ಷೆ ಇಲ್ಲಿಂದಲೇ ಆಗಲಿ” ಎಂದರು. ಅಷ್ಟರಲ್ಲಿ ಪೆನ್ನು ಬೆರಳಿನಿಂದ ಜಾರಿ ಸೋಫಾದ ಚೌಕಟ್ಟಿನ ಸಂದಿಗೆ ಬಿದ್ದು ಮಾಯವಾಯಿತು. ಮೊಳೆ ಅಷ್ಟು ಹೊತ್ತಿಗೆ ಮಣೆಯೊಂದನ್ನು ಎಳೆತಂದು ಅದರ ಮೇಲೆ ನಿಂತಿದ್ದಳು. ವಾರದಲ್ಲಿ ಮೊದಲ ಸಲ ಒಬ್ಬರು ಅವಳಿಗಿಂತ ಕೆಳಗಿದ್ದರು.

“ಮಾತಾಡ್ಬೇಡ. ಪಾಠ ಕೇಳು” ಎಂದಳು. “ನಿನ್ನನ್ನ ನುಂಗಿದೆ. ಈಗ ನೀನು ಹೊಟ್ಟೇಲಿದ್ದೀಯ. ರಾಜನ ಕಿರೀಟ ಎಲ್ಲಿ ಹೋಯ್ತು, ಹೇಳು.”

“ಯಾವ ರಾಜನೇ?”

“ಬ್ರೆಡ್ಡುರಾಜ!”

ಅತ್ತೆ ಸುತ್ತ ನೋಡಿದರು. ಓಡಲು ದಾರಿಯಿರಲಿಲ್ಲ. “ಹೊಟ್ಟೇಲಿ” ಎಂದರು.

“ತಪ್ಪು. ಗೋಡೆಗೆ ಮುಖ ಮಾಡಿ ನಿಲ್ಲು.”

“ನಿಲ್ಲೋ ಹಾಗಿದ್ರೆ ಇಲ್ಲೇಕೆ ಇರ್ತಿದ್ದೆ!”

“ಅತ್ತೆ ಹೇಳಿದ್ದು ಸರಿ ಕಣೇ” ಎಂದ ಆಮೆ. “ಕಿರೀಟ ಗಟ್ಟಿ. ಜಠರದಲ್ಲಿ ನಿಧಾನಕ್ಕೆ ನೆನೀಬೇಕು, ಆಮ್ಲ ಬರ್ಬೇಕು, ಕಿವುಚ್ಬೇಕು.”

“ಇಲ್ಲ! ಬಾಗಿಲಲ್ಲೇ ಹಲ್ಲು ಪುಡಿ ಮಾಡ್ತು! ಎಂಜಲು ಬಂದು ಒದ್ದೆ ಮಾಡ್ತು! ಆಮೇಲೆ ಗಂಟಲು ತಳ್ತು!” ಗುಡುಗಿನ ಈ ಮಾತು ನೆರೆಯ ಮೂರು ಮನೆಗಳಿಗೂ ತಲುಪಿತು.

“ಪುಡಿಯಾದ್ರೆ ಇಲ್ಲವಾಯ್ತು ಅಂತ ಅರ್ಥ ಅಲ್ಲ” ಎಂದು ವಕೀಲೆ ಎದ್ದಳು. “ಪುಡಿ ಜಠರಕ್ಕೆ ಹೋಯ್ತು, ಅಲ್ಲಿಂದ ಸಣ್ಣ ಕರುಳಿಗೆ. ಅಲ್ಲಿ ಪಿತ್ತರಸ ಸೇರುತ್ತೆ. ಸಾಕ್ಷಿ ಬೇಕಾದ್ರೆ ಅಮ್ಮನ್ನ ಕೇಳಿ.”

“ಗೋಡೆ ಹೀರ್ಕೊಳ್ತು” ಎಂದಳು ಮೊಳೆ, ಎಲ್ಲರ ಮೇಲೆ ಬೇಸತ್ತು. “ಸಣ್ಣ ಕರುಳಿನ ಗೋಡೆ. ಒಳ್ಳೇದೆಲ್ಲ ಗೋಡೇಗೆ. ಮಿಕ್ಕಿದ್ದು ದೊಡ್ಡ ಕರುಳಿಗೆ. ಅಲ್ಲಿ ನೀರೂ ಹೋಗುತ್ತೆ. ಆಮೇಲೆ ಹಿಂಬಾಗಿಲು.”

ಅತ್ತೆಯ ಬಾಯಿ ತುಸು ತೆರೆದೇ ಇತ್ತು. ನಾಲ್ವರಲ್ಲಿ ಒಬ್ಬರಾದರೂ ಬಾಯಿ ಬಿಡದೆ ನಿಂತರೆ ಎಂದವರು ಅವರೇ. ಈಗ ಆ ನಾಲ್ಕು ಬಾಯಿಗಳನ್ನೂ ಮುಚ್ಚಿಸಲು ಅವರ ಕೈಯಲ್ಲಿ ಆಗುತ್ತಿರಲಿಲ್ಲ.

ಅದೇ ಗಳಿಗೆಗೆ ಕೊನೆಯ ಪಟ್ಟಿ ಹರಿಯಿತು. ಅತ್ತೆ ಸೋಫಾದ ಅಡಿಯಿಂದ ಜಾರಿ, ಹಿಂಬದಿಯಿಂದ, ಮೈತುಂಬ ಹರಿದ ಪಟ್ಟಿಗಳ ನಾರು ಮೆತ್ತಿಕೊಂಡು ನೆಲದ ಮೇಲೆ ಬಂದು ಕೂತರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹಂತದಲ್ಲಿ ರಾಜನಿಗೆ ಇರುವ ಹೆಸರನ್ನು ಗುಡುಗು ಬೀದಿಗೆ ಕೇಳುವಂತೆ ಘೋಷಿಸಿದ. ತಾಯಿ ಕಣ್ಣು ಮುಚ್ಚಿದರು. ಎಲ್ಲ ಮುಗಿಯಿತು, ಇಬ್ಬರ ಬಟ್ಟೆ ಜೋಡಿಸುವುದೊಂದೇ ಬಾಕಿ ಎಂದುಕೊಂಡರು.

“ನನ್ನ ಪೆನ್ನು?” ಎಂದರು ಅತ್ತೆ.

ಮೊಳೆ ಸೋಫಾದೊಳಗೆ ಇಣುಕಿ ನೋಡಿದಳು. “ಒಳ್ಳೇದೆಲ್ಲ ಒಳಗೇ ಉಳ್ಕೊಳ್ಳುತ್ತೆ ಅಂತ ಹೇಳಿದ್ನಲ್ಲ. ಕೇಳಿಸ್ಕೊಳ್ಳೋದೇ ಇಲ್ಲ ನೀನು.”

ಇಲ್ಲಿ ಅತ್ತೆ ನಕ್ಕರು ಎಂದು ತಾಯಿ, ಕೆಮ್ಮಿದರು ಎಂದು ವಕೀಲೆ. ಸದ್ದು ಬಹಳ ಹೊತ್ತು ಇತ್ತೆಂಬುದರಲ್ಲಿ ಇಬ್ಬರೂ ಒಂದೇ. ಆಮೇಲೆ ಅವರು ಮೊಳೆಯನ್ನು ತೋರಿಸಿ ಕೇಳಿದರು: “ಇವಳಿಗೆ ಯಾರು ಹೇಳಿಕೊಟ್ಟದ್ದು?”

“ಗುಡುಗು” ಎಂದರು ತಾಯಿ.

“ಅವನಿಗೆ?”

“ಆಮೆ. ಆಮೆಗೆ ವಕೀಲೆ.”

“ಹಾಗಾದ್ರೆ ನಾನು ಆ ದೊಡ್ಡವರಿಬ್ಬರನ್ನ ಕರ್ಕೊಂಡು ಹೋದ್ರೆ?”

ತಾಯಿ ಬಾಯಿ ತೆರೆಯುವ ಮೊದಲೇ ಮೊಳೆ ಹೇಳಿದಳು: “ಆಗ ನಿನಗೆ ಯಾರು ಹೇಳಿಕೊಡ್ತಾರೆ?”

ಅತ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ತಂದೆ ಕೈ ಚಾಚಿದರು. ಅತ್ತೆ ಅದನ್ನು ಹಿಡಿದು, ನಾರು ಕೊಡವಿಕೊಳ್ಳುತ್ತ ಎದ್ದರು.

“ಇರಲಿ ಬಿಡು. ಇಬ್ಬರೂ ಇಲ್ಲೇ ಇರಲಿ” ಎಂದರು. ಆಮೇಲೆ ವಕೀಲೆಯತ್ತ ತಿರುಗಿ, “ಮುಂದಿನ ವಾರ ಯಾವ ಪಾಠ?”

“ಹೃದಯ. ರಕ್ತ ಹೇಗೆ ಓಡಾಡುತ್ತೆ ಅಂತ.”

“ಶನಿವಾರ ಬರ್ತೀನಿ. ನನಗೊಂದು ಕುರ್ಚಿ ಹಾಕಿಡಿ. ಮರದ್ದು.”

ಅತ್ತೆಯವರು ನನಗೆ ಹೇಳಿದ ಕಥೆಯಲ್ಲಿ ಆ ಮರದ ಕುರ್ಚಿ ಮೊದಲಿನಿಂದಲೂ ಇದೆ, ಅವರು ಬಂದದ್ದೂ ಕೂತದ್ದೂ ಅದರ ಮೇಲೆಯೇ. ಕಿರೀಟ ಮಾತ್ರ ಹೊಟ್ಟೆಯಲ್ಲೇ ಕರಗಿತೆಂದು ಅವರು ಈಗಲೂ ಹಟ ಹಿಡಿಯುತ್ತಾರೆ.