ಪೊಳ್ಳಾಚಿ ಎಳನೀರು

ಎಳನೀರಂತೆ, ಎಳನೀರು! ಆ ಹೆಸರು ಕೇಳಿದರೆ ಶೋಭನಾ ಇವತ್ತಿಗೂ ಮುಖ ಸಿಂಡರಿಸುತ್ತಾಳೆ.

ಅವಳು ಕೊಯಮತ್ತೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸು. ಹುಟ್ಟಿದ್ದು ಪಲ್ಲಡದ ಮಗ್ಗದ ಮನೆಯಲ್ಲಿ, ಮನೆಮಾತು ಕನ್ನಡ. ಆ ವಾರ ಕಿಡ್ನಿ ಕೆಟ್ಟ ಮಗುವೊಂದು ಬಂದಿತ್ತು, ಆರು ವರ್ಷದ ಮಣಿ. ಮುಖ, ಕಾಲು ಊದಿಕೊಂಡು ಮೂತ್ರ ಹನಿಹನಿಯಾಗಿ ಬರುತ್ತಿತ್ತು. ಜೊತೆಗಿದ್ದವರು ತಾಯಿ ತೆನ್ಮೊಳಿ, ಅವಳ ಮಾವ ಗುರುಸಾಮಿ. ಪೊಳ್ಳಾಚಿಯಲ್ಲಿ ದೊಡ್ಡ ತೆಂಗಿನ ತೋಟದ ಯಜಮಾನ ಆತ.

ತಾಯಿ ಮಗ ಕನ್ನಡ ಮಾತಾಡುವುದು ಕೇಳಿ ಶೋಭನಾ ಕನ್ನಡದಲ್ಲೇ ಮಾತಾಡಿಸಿದಳು. ಮುದುಕ ಅರಳಿಹೋದ, ಮಗಳನ್ನು ಕರೆವಂತೆ ಅಮ್ಮಿಣಿ ಎಂದೇ ಕರೆದ.

“ಅಡೆ, ನೀ ನಮ್ಮೋಳಾ ಅಮ್ಮಿಣಿ? ಇನ್ನೇನ್ ಚಿಂತೆ ಬುಡು!”

ಅವಳಿಗೂ ಖುಷಿಯಾಯಿತು, ಸುಳ್ಳೇಕೆ. ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಎಳನೀರು, ಬಾಳೆಹಣ್ಣು ಬೇಡವೇ ಬೇಡ. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹಾಕುವ ಶಕ್ತಿ ಈ ಕಿಡ್ನಿಗಿಲ್ಲ, ಅದು ರಕ್ತದಲ್ಲಿ ಏರಿದರೆ ಮಗುವಿನ ಹೃದಯವೇ ನಿಂತೀತು. “ಆಯ್ತಮ್ಮಿಣಿ, ಆಯ್ತು” ಎಂದ ಮುದುಕ. ಕಲ್ಲಿನ ಮೇಲೆ ನೀರು ಹುಯ್ದ ಹಾಗೆ!

ಮರುದಿನ ಮಧ್ಯಾಹ್ನ ಮಣಿಯ ಮಾನಿಟರ್ ಕೂಗಿಕೊಂಡಿತು. ಹೃದಯದ ಬಡಿತ ತಪ್ಪುತ್ತಿತ್ತು, ಮಗು ಸೊಪ್ಪಿನಂತೆ ಬಾಡಿ ಮಲಗಿತ್ತು. ಡಾಕ್ಟರು ಓಡಿಬಂದು, ಏನು ಕೊಟ್ಟಿರಿ ಎಂದು ತಮಿಳಿನಲ್ಲಿ ಕೇಳಿದರು. ಗುರುಸಾಮಿ ಎದೆ ಮುಟ್ಟಿಕೊಂಡು, ಏನೂ ಇಲ್ಲ ಎಂದ. ತೆನ್ಮೊಳಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಮಂಚದ ಕೆಳಗೆ ಲೋಟವಿತ್ತು. ಶೋಭನಾ ಎತ್ತಿ ನೋಡಿದಳು. ತಳದಲ್ಲಿ ಎಳೆಕಾಯಿಯ ತೆಳ್ಳನೆಯ ಗಂಜಿ, ಎಳನೀರಿನ ವಾಸನೆ. ಅಷ್ಟರಲ್ಲಿ ಮುದುಕ ಅವಳ ಕಿವಿಗೆ ಬಾಯಿಟ್ಟ.

“ಅಮ್ಮಿಣಿ, ನೀ ನಮ್ಮೋಳು. ಇವ್ರ ಮುಂದೆ ನನ್ ಮಾನ ಕಳೀಬೇಡ. ಉಚ್ಚೆ ಬರ್ಲಿ ಅಂತ ಒಂದೇ ಒಂದ್ ಕಾಯಿ…”

ಹೊಗೆಸೊಪ್ಪಿನ ನಾತ ಅವಳ ಕೆನ್ನೆಗೆ ಬಡಿಯಿತು. ಛೀ! ಮೊಮ್ಮಗ ಬಾಯಿ ಬಿಡುತ್ತಿದ್ದಾನೆ, ಇವನಿಗೆ ಮಾನವಂತೆ. ಮೂಗಿಗಿಂತ ಮೂಗುತಿ ಭಾರ. ಅದಕ್ಕೆ ಮನೆಮಾತಿನ ನಂಟು ಬೇರೆ.

“ಇಳನೀರ್ ಕೊಡುತ್ತಿರುಕ್ಕಾಂಗ, ಡಾಕ್ಟರ್!” ಎಳನೀರು ಕುಡಿಸಿದ್ದಾರೆಂದು ವಾರ್ಡಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಕೂಗಿದಳು.

ಡಾಕ್ಟರು ತಕ್ಷಣ ಹೃದಯ ಕಾಯುವ ಇಂಜೆಕ್ಷನ್ ಕೊಟ್ಟು ಡಯಾಲಿಸಿಸ್‌ಗೆ ಕಳಿಸಿದರು. ಸಂಜೆಗೆ ಬಡಿತ ಹದಕ್ಕೆ ಬಂತು.

ಹೊರಗೆ ಗುರುಸಾಮಿ ನೆಂಟರಿಗೆ ಹೇಳುತ್ತಿದ್ದ: “ನಮ್ಮೋಳು ಅಂತ ನಂಬುದ್ರೆ ನನ್ನೇ ಕಾಟ್ಟಿ ಕೊಟ್ಬುಟ್ಟಳು!” ತನ್ನನ್ನು ಹಿಡಿದುಕೊಟ್ಟಳೆಂಬ ದೂರೇ ಹೊರತು, ಮಗು ಹೇಗಿದೆ ಎಂಬ ಮಾತೇ ಇಲ್ಲ. ಥೂ, ಇವನ ಜನ್ಮಕ್ಕಿಷ್ಟು ಎಂದುಕೊಂಡು ಶೋಭನಾ ಒಳಗೆ ಬಂದಳು.

ತೆನ್ಮೊಳಿ ಮಗನ ಕಾಲೊತ್ತುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಅಕ್ಕ, ಕುಡಿಸಿದ್ದು ನಾನೇ. ಮಾವ ಲೋಟ ಕೈಗೆ ಕೊಟ್ರು.”

“ನಾ ಅಷ್ಟು ಹೇಳಿದ್ದು ಗೊತ್ತಿತ್ತಲ್ಲ ನಿಂಗೆ?”

“ಗೊತ್ತಿತ್ತು.”

ಇಷ್ಟು ಹೊತ್ತು ಮುದುಕನ ಮೇಲಿದ್ದ ಶೋಭನಾಳ ಹೇಸಿಗೆಯೆಲ್ಲ ಈಗ ಇವಳ ಮೇಲೆ ತಿರುಗಿತು.

“ನಾಳೆ ಮತ್ತೆ ತಂದು ಕೊಟ್ರೆ ಏನ್ ಮಾಡ್ತೀಯ?”

ತೆನ್ಮೊಳಿ ಮಾವನ ದನಿ ಕೇಳುತ್ತಿದ್ದ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಮಗನ ಕಾಲೊತ್ತತೊಡಗಿದಳು.