ಗುಂಡಿ ಡಬ್ಬಿಯ ತಳದಲ್ಲಿದ್ದ ಮಾತ್ರೆ

ಕೆಮ್ಮು ಮೊದಲು ತಾಯಿಗೆ ಬಂತು. ಆಮೇಲೆ ಮಗನಿಗೂ ಜ್ವರ. ಒಂದೇ ಕೋಣೆಯ ಮನೆ, ಮತ್ತೇನಾದೀತು? ಮಗ ದರ್ಜಿ. ಮೈ ಕೆಂಡವಾಗಿದ್ದರೂ ಅವನಿಗೆ ಹೊಲಿಗೆ ಮೆಷಿನ್ನಿನದೇ ಧ್ಯಾನ.

"ಏಳ್ರೀ, ಆಸ್ಪತ್ರೆಗೆ ಹೋಗೋಣ," ಅಂದಳು ಹೆಂಡತಿ.

"ಬರೀ ಫ್ಲೂ ಕಣೇ. ಊರಿಗೆಲ್ಲ ಬಂದಿದೆ, ನಂಗೂ ಬಂದಿದೆ. ಸುಮ್ನೆ ರಂಪ ಮಾಡ್ಬೇಡ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಊರಿನವರ ಕಥೆ ಬೇರೆ, ಇವನ ಕಥೆ ಬೇರೆ. ಇವನಿಗೆ ಎಚ್‌ಐವಿ ಇದೆ. ಅದು ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೇ. ಅತ್ತೆಗೆ ಸುಳಿವೂ ಇರಲಿಲ್ಲ.

ಅವಳು ದನಿ ತಗ್ಗಿಸಿದಳು. "ದಿನದ ಮಾತ್ರೆ ತಗೊಂಡ್ರಾ?"

ಅವನು ಗೋಡೆಯ ಕಡೆ ಹೊರಳಿದ. "ಅಂಗಡೀಲಿದೆ."

ಅಯ್ಯೋ ದೇವರೇ! ಅಮ್ಮನ ಕಣ್ಣಿಗೆ ಬೀಳಬಾರದೆಂದು ಈ ಮಹಾಶಯ ಎಚ್‌ಐವಿ ಮಾತ್ರೆಯನ್ನು ಅಂಗಡಿಯ ಗುಂಡಿ ಡಬ್ಬಿಯಲ್ಲಿ, ಶರ್ಟಿನ ಗುಂಡಿಗಳ ಅಡಿಯಲ್ಲಿ ಬಚ್ಚಿಟ್ಟಿದ್ದ. ಕೆಲಸಕ್ಕೆ ಹೋದರೆ ಮಾತ್ರೆ, ಹಾಸಿಗೆ ಹಿಡಿದರೆ ಅದೂ ಇಲ್ಲ! ಜ್ವರದಲ್ಲಿ ಮಲಗಿದಾಗಿನಿಂದ ಒಂದನ್ನೂ ನುಂಗಿರಲಿಲ್ಲ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮ್ಗೆ? ನಾನೇ ಹೋಗಿ ತರ್ತಿರ್ಲಿಲ್ವಾ?" ಎಂದು ಬೈಯುತ್ತಲೇ ಅವಳು ಅವನ ಮುಖ ನೋಡಿದಳು. ತುಟಿ ನೀಲಿಗಟ್ಟಿತ್ತು. ಒಂದು ಮಾತು ಮುಗಿಸುವಷ್ಟರಲ್ಲಿ ಏದುಸಿರು. ಇನ್ನು ಅವನ ಒಪ್ಪಿಗೆ ಯಾರಿಗೆ ಬೇಕು? ಗಾಡಿ ಕರೆಸಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಫ್ಲೂ ಶ್ವಾಸಕೋಶಕ್ಕೆ ಇಳಿದಿತ್ತು. ಎಚ್‌ಐವಿಯ ವಿಷಯ ಹೆಂಡತಿಯಿಂದ ತಿಳಿದ ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದು ತರಾಟೆಗೆ ತೆಗೆದುಕೊಂಡರು.

"ಎಚ್‌ಐವಿ ಇದ್ದೋರಿಗೆ ಫ್ಲೂ ಅಂದ್ರೆ ಬರೀ ನೆಗಡಿ ಅಲ್ಲಮ್ಮ. ನ್ಯುಮೋನಿಯಾ ಆಗ್ಬಹುದು, ಪ್ರಾಣಾನೇ ಹೋಗ್ಬಹುದು. ಫ್ಲೂಗೆ ಔಷಧಿ ಇದೆ. ಜ್ವರ ಶುರುವಾದ ಎರಡು ದಿನದೊಳಗೆ ಕೊಟ್ರೆ ಚೆನ್ನಾಗಿ ಕೆಲ್ಸ ಮಾಡುತ್ತೆ. ಈಗ್ಲೂ ಕೊಡ್ತೀವಿ, ಬಿಡಲ್ಲ. ಈ ವರ್ಷದ ಫ್ಲೂ ಲಸಿಕೆ ಹಾಕ್ಸಿದ್ರಾ?"

"ಸೂಜಿ ಚುಚ್ಚಿದ್ರೇ ಫ್ಲೂ ಬರುತ್ತಂತೆ, ಬೇಡ ಅಂದ್ರು ಇವ್ರು."

"ಯಾರಂದಿದ್ದು? ಆ ಸೂಜೀಲಿ ಜೀವಂತ ವೈರಸ್ಸೇ ಇರಲ್ಲ. ತೋಳು ನೋಯುತ್ತೆ, ಒಂದಿನ ಮೈ ಬೆಚ್ಚಗಾಗ್ಬಹುದು, ಅಷ್ಟೇ. ಮನೆಯವ್ರೂ ಹಾಕಿಸ್ಕೋಬೇಕು."

ಜೀವ ಕೈಯಲ್ಲಿ ಹಿಡಿದು ಕಾದರು. ಉಸಿರು ಹದಕ್ಕೆ ಬಂದ ದಿನ, ತನಗೆ ಎಚ್‌ಐವಿ ಇರುವುದನ್ನು ಅವನೇ ಅಮ್ಮನಿಗೆ ಹೇಳಿದ. ಇನ್ನೇನು ಕಾದಿದೆಯೋ ಎಂದುಕೊಂಡಳು ಹೆಂಡತಿ. ಅತ್ತೆ ಕೆರಳಿದ್ದು ನಿಜ, ಆದರೆ ಕಾಯಿಲೆಯ ಮೇಲಲ್ಲ.

"ನಿನ್ನ ಪಕ್ಕದಲ್ಲೇ ಕೆಮ್ಮುತ್ತಾ ಬಿದ್ದಿದ್ನಲ್ಲೋ! ಹೇಳಿದ್ರೆ ಬಾಯಿಗೆ ಬಟ್ಟೆ ಕಟ್ಕೋತಿದ್ದೆ, ದೂರ ಮಲಗ್ತಿದ್ದೆ. ಆ ಸೂಜೀನ ಮೊದ್ಲು ನಾನೇ ಚುಚ್ಚಿಸ್ಕೋತಿದ್ದೆ. ಹೆತ್ತೋಳಿಗೆ ಹೆದರಿ ಸಾಯೋಕೆ ಹೊರಟಿದ್ಯಾ?"

ಅವನು ಗುಣವಾದ ಮೇಲೆ ಮೂವರೂ ಲಸಿಕೆ ಹಾಕಿಸಿಕೊಂಡರು. ಈಗ ಗುಂಡಿ ಡಬ್ಬಿಯಲ್ಲಿ ಗುಂಡಿಗಳಷ್ಟೇ ಇವೆ. ಮಾತ್ರೆ ಮನೆಯಲ್ಲಿ, ನೀರಿನ ಹೂಜಿಯ ಪಕ್ಕದಲ್ಲಿದೆ. ದಿನಾ ಅದನ್ನು ಮಗನ ಕೈಗೆ ಕೊಡುವವಳು ಅತ್ತೆ. ಅವನು ನುಂಗುವ ತನಕ ಅವಳು ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಈಗ ನಿಮಗೆ. ಬೇಜಾರಾದರೂ ಸರಿ, ಹೇಳಿಯೇ ಬಿಡುತ್ತೇನೆ. ಎಚ್‌ಐವಿ ಇದ್ದವರು ಪ್ರತಿ ವರ್ಷ ಫ್ಲೂ ಲಸಿಕೆಯ ಸೂಜಿ ಹಾಕಿಸಿಕೊಳ್ಳಿ. ಜ್ವರ, ಕೆಮ್ಮು ಬಂದ ಕೂಡಲೇ ಆಸ್ಪತ್ರೆಗೆ ಹೋಗಿ, ಎಚ್‌ಐವಿ ಇದೆಯೆಂದು ವೈದ್ಯರಿಗೆ ತಿಳಿಸಿ. ದಿನದ ಮಾತ್ರೆ ತಪ್ಪಿಸಬೇಡಿ. ಇನ್ನು, ಎಚ್‌ಐವಿ ಎಂದ ಕೂಡಲೇ ಮೂಗು ಮುರಿಯುವವರೇ, ಆ ಮಾತ್ರೆ ಗುಂಡಿಗಳ ಅಡಿಗೆ ಹೋಗಿದ್ದು ನಿಮ್ಮ ಬಾಯಿಗೆ ಹೆದರಿ. ಮೊದಲು ಆ ಬಾಯಿ ಮುಚ್ಚಿ.